ಜಾವಾ ಎಂಜಿನ್ನಿನ ಸದ್ದು: ನಂಬಿಕೆ ಯಾವುದು, ನಿಜ ಯಾವುದು?

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆಯನ್ನಾರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತಾದರೂ, ಅಲ್ಲಿಂದ ಹೊರಟ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ನಂಜನಗೂಡಿನಿಂದ ಬದನವಾಳು, ಕವಲಂದೆಗಳ ಮೇಲೆ ಚಾಮರಾಜನಗರದತ್ತ ಸಾಗುವ ರಸ್ತೆಯಲ್ಲಿ ಇಂದಿಗೂ ಆಗಾಗ ಕಾಣಸಿಗುತ್ತವೆ. ತಂದೆ ಓಡಿಸಿದ ಗಾಡಿಯನ್ನು ಮಗನು ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳಲ್ಲಿ ಗಾಡಿಯೊಡನೆ ಕೆಲವು ನಂಬಿಕೆಗಳೂ ಪರಂಪರೆಯಿಂದ ಬಂದಿವೆ. ಆ ನಂಬಿಕೆಗಳ ದೆಸೆಯಿಂದ ನಿರಪರಾಧಿಯಾದ ಎಂಜಿನ್ನುಗಳು ವೃಥಾ ಬಿಚ್ಚಲ್ಪಡುವುದನ್ನೂ, ನಿಜವಾಗಿ ರೋಗಗ್ರಸ್ತವಾದವು ಕ್ರ್ಯಾಂಕು ಮುರಿಯುವವರೆಗೆ ಓಡಿಸಲ್ಪಡುವುದನ್ನೂ ನೋಡಿದಾಗ, ಅವುಗಳನ್ನು ಒಮ್ಮೆ ಪರಾಮರ್ಶಿಸುವುದು ಅಗತ್ಯವೆನಿಸುತ್ತದೆ.

ತಲೆಯ ಭಾಗದಲ್ಲಿ ಟಕಟಕ ಎಂದರೆ ಟ್ಯಾಪೆಟ್ ಸಡಿಲವಾಗಿದೆ ಎಂಬುದು ಮೊದಲನೆಯ ನಂಬಿಕೆ. ಜಾವಾ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ತೆರೆದು ಮುಚ್ಚುವುದರಿಂದ ಅದರಲ್ಲಿ ವಾಲ್ವುಗಳೇ ಇಲ್ಲ, ವಾಲ್ವುಗಳಿಲ್ಲದಲ್ಲಿ ಟ್ಯಾಪೆಟ್ಟಿಗೆ ಎಡೆಯೂ ಇಲ್ಲ. ಬುಲೆಟ್ಟಿನ ವಿಷಯದಲ್ಲಿ ಸಲ್ಲುವ ಮಾತು ಇಲ್ಲಿ ಸಲ್ಲದು.

ಹಾಗಾದರೆ ಆ ಸದ್ದು ಯಾವುದು? ಅದು ಎಲ್ಲಿ ಕೇಳುತ್ತದೆ ಎಂಬುದಕ್ಕಿಂತಲೂ ಯಾವಾಗ ಕೇಳುತ್ತದೆ ಎಂಬ ಪ್ರಶ್ನೆಯೇ ಮುಖ್ಯ. ಬೆಳಿಗ್ಗೆ ತಣ್ಣಗಿರುವಾಗ ಕಿಕ್ ಹೊಡೆದೊಡನೆ ಕೇಳಿ, ಎಂಜಿನ್ನು ಬಿಸಿಯೇರುತ್ತ ಕ್ಷೀಣಿಸುವ ಸದ್ದು ಪಿಸ್ಟನ್ನು ಬೋರಿನ ಗೋಡೆಗೆ ತಾಗುವ ಸದ್ದು. ಪಿಸ್ಟನ್ನು ಬಿಸಿಗೆ ಹಿಗ್ಗಿ ಎಡೆಯನ್ನು ತುಂಬಿಕೊಳ್ಳುವುದರಿಂದ ಅದು ಅಡಗುತ್ತದೆ, ಮತ್ತು ಅಂತಹ ಗಾಡಿಯನ್ನು ಇನ್ನೂ ಬಹುಕಾಲ ಓಡಿಸಬಹುದು. ಏರಿನಲ್ಲಿ ಗೇರು ಇಳಿಸದೆ ಆಕ್ಸಿಲೇಟರನ್ನು ತಿರುಚಿದಾಗ ಹೊರಟು, ಬಿಟ್ಟೊಡನೆ ನಿಲ್ಲುವ ಟಿಣ್ ಟಿಣ್ ನಾದವು ಯಾವ ಭಾಗದ ಸವೆತದಿಂದಲೂ ಬಂದುದಲ್ಲ. ಇಗ್ನಿಷನ್ ಟೈಮಿಂಗ್ ಮುಂದಾಗಿರುವುದರಿಂದಲೋ, ಮಿಶ್ರಣದಲ್ಲಿ ಪೆಟ್ರೋಲು ಕಡಮೆಯಾಗಿರುವುದರಿಂದಲೋ ಬಂದುದು. ಎಂಜಿನ್ನು ಭಾರವನ್ನೆಳೆಯುವಾಗ ಬರುವ, ಕಿವಿಗಿಂತ ಮೊದಲು ಪಾದಕ್ಕೆ ತಿಳಿಯುವ ಗಾಢವಾದ ಗುದ್ದು ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯದು. ಭಾರವಿರಲಿ ಬಿಡಲಿ, ವೇಗದೊಡನೆ ಏರುತ್ತ ಹೋಗುವ ಮೊರೆತವು ಕ್ರ್ಯಾಂಕಿನ ಬೇರಿಂಗುಗಳದು. ಈ ಕಡೆಯ ಎರಡಕ್ಕೆ ಮಾತ್ರ ಎಂಜಿನ್ನನ್ನು ಕೂಡಲೆ ಇಳಿಸಲೇಬೇಕು.

ಸಿಲಿಂಡರನ್ನು ಬಿಚ್ಚಿದ ಮೇಲೆಯೂ ತಪ್ಪು ನಿರ್ಣಯ ತಪ್ಪಿದ್ದಲ್ಲ. ರಾಡಿನ ಮೇಲ್ತುದಿಯನ್ನು ಹಿಡಿದು ಎಡಬಲಕ್ಕೆ ಅಲುಗಿಸಿ, 'ಆಡ್ತಾ ಇದೆ, ರಾಡು ಹೋಯಿತು' ಎನ್ನುವುದುಂಟು. ಪಕ್ಕಕ್ಕೆ ಸ್ವಲ್ಪ ಆಡುವುದು ಅದರ ಸಹಜ ಸ್ಥಿತಿ. ಕ್ರ್ಯಾಂಕನ್ನು ಅಲುಗದಂತೆ ಹಿಡಿದು, ರಾಡನ್ನು ನೆಟ್ಟಗೆ ಮೇಲಕ್ಕೆಳೆದು ಕೆಳಕ್ಕೊತ್ತಿದಾಗ ಬೆರಳಿಗೆ ತಿಳಿಯುವಷ್ಟು ಸಡಿಲವಿದ್ದರೆ ಮಾತ್ರ ಅದು ದೋಷ.

ಸದ್ದು ಬಂದರೆ ಪೆಟ್ರೋಲಿಗೆ ಆಯಿಲನ್ನು ಹೆಚ್ಚಾಗಿ ಬೆರೆಸಬೇಕೆಂಬುದು ಇನ್ನೊಂದು ನಂಬಿಕೆ. ಕಾರ್ಬುರೇಟರಿನ ಜೆಟ್ಟಿನ ಮೂಲಕ ಹರಿಯುವ ದ್ರವದಲ್ಲಿ ಆಯಿಲಿನ ಪಾಲು ಏರಿದಷ್ಟೂ ಪೆಟ್ರೋಲಿನ ಪಾಲು ಇಳಿಯುವುದರಿಂದ, ಗಾಳಿಯ ಪ್ರಮಾಣಕ್ಕೆ ಇಂಧನ ಸಾಲದಾಗಿ ಎಂಜಿನ್ನು ಮತ್ತಷ್ಟು ಕಾಯುತ್ತದೆ. ಜೊತೆಗೆ ಸೈಲೆನ್ಸರುಗಳಲ್ಲಿ ಮಸಿಯೂ ಕಟ್ಟುತ್ತದೆ. ಗುದ್ದು ಮಾತ್ರ ಇದ್ದಂತೆಯೇ ಇರುತ್ತದೆ.

'ಎಷ್ಟು ತಿರುಚಿದರೂ ಜಾವಾ ತಡೆಯುತ್ತೆ' ಎಂಬ ಅಭಿಮಾನದ ಮಾತು ಇವೆಲ್ಲಕ್ಕಿಂತ ಅಪಾಯಕರ. ಹಳೆಯ 250 ಸಿ.ಸಿ. ಜಾವಾದ ಬೋರು 65 ಮಿಲಿಮೀಟರ್, ಸ್ಟ್ರೋಕು 75 ಮಿಲಿಮೀಟರ್. ನಿಮಿಷಕ್ಕೆ 4750 ಸುತ್ತುಗಳಲ್ಲಿ ಅದು ತನ್ನ ಪರಮಾವಧಿಯಾದ 12 ಅಶ್ವಶಕ್ತಿಯನ್ನು ಮುಟ್ಟುತ್ತದೆ. ಅದರಾಚೆಗೆ ಸುತ್ತು ಏರಿದರೆ ಶಕ್ತಿಯು ಏರುವುದಿಲ್ಲ, ಇಳಿಯುತ್ತದೆ. ಆದರೆ ರಾಡಿನ ಮೇಲೆ ಬೀಳುವ ಜಡತ್ವದ ಬಲವು ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 4750ರಿಂದ 6000ಕ್ಕೆ ಹೋದರೆ ಸುತ್ತು ಏರಿದ್ದು ಕಾಲು ಭಾಗವಷ್ಟೆ, ಆ ಬಲ ಏರಿದ್ದು ನೂರಕ್ಕೆ ಅರವತ್ತರಷ್ಟು. ಈ ಗಾಡಿಗೆ ಸುರಕ್ಷಿತವಾದ ಮಿತಿಯೆಂದರೆ ಆ 4750ರ ಆಸುಪಾಸೇ ಎಂದು ನಾನು ಎಣಿಸುತ್ತೇನೆ.

ಸುತ್ತನ್ನು ತೋರಿಸುವ ಮೀಟರಿಲ್ಲದ ಗಾಡಿಯಲ್ಲಿ ಇದನ್ನು ತಿಳಿಯುವುದು ಕಷ್ಟವಲ್ಲ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1000 ಮೀಟರ್. ಹಿಂಬದಿಯ ಟೈರಿನ ಸುತ್ತಳತೆ 1.9 ಮೀಟರಿದ್ದರೆ ಚಕ್ರವು ನಿಮಿಷಕ್ಕೆ ಸುಮಾರು 526 ಸುತ್ತು ಸುತ್ತುತ್ತದೆ. ಪ್ಲಗ್ಗನ್ನು ಬಿಚ್ಚಿ, ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ, ಹಿಂಬದಿಯ ಚಕ್ರವನ್ನು ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿದಾಗ ಪಿಸ್ಟನ್ನು ಎಷ್ಟು ಸಲ ಮೇಲೇರಿತೆಂದು ಎಣಿಸಿ, ಆ ಸಂಖ್ಯೆಯಿಂದ 526ನ್ನು ಗುಣಿಸಿದರೆ 60ರ ವೇಗದಲ್ಲಿ ಎಂಜಿನ್ನಿನ ಸುತ್ತು ಸಿಗುತ್ತದೆ. ಉಳಿದ ಗೇರುಗಳಿಗೂ ಹೀಗೆಯೇ ಲೆಕ್ಕಹಾಕಿ, ಸ್ಪೀಡೋಮೀಟರಿನ ಗಾಜಿನ ಮೇಲೆ ಮಿತಿಯ ಗುರುತನ್ನು ಹಚ್ಚಿಕೊಳ್ಳಬಹುದು.

ಇಳಿಜಾರಿನ ವಿಷಯ ಬೇರೆಯೇ. ಚಾಮರಾಜನಗರದಿಂದ ಮುಂದೆ ದಿಂಬಂ ಘಟ್ಟವನ್ನಿಳಿಯುವಾಗ ಆಕ್ಸಿಲೇಟರನ್ನು ಪೂರ್ತಿ ಬಿಟ್ಟು ಗೇರಿನ ಹಿಡಿತದಲ್ಲಿಯೇ ಇಳಿದರೆ ಎಂಜಿನ್ನಿಗೆ ವಿಶ್ರಾಂತಿಯೆಂದು ಬಗೆಯುವವರುಂಟು. ಪೆಟ್ರೋಲಿನೊಡನೆಯೇ ಆಯಿಲು ಬರುವ ಈ ಎಂಜಿನ್ನಿಗೆ ಅದು ಉಪವಾಸ. ಸುತ್ತು ಮೇಲಿದ್ದು ಆಯಿಲು ನಿಂತಾಗಲೇ ಪಿಸ್ಟನ್ನು ಸೀಜ್ ಆಗುವ ಭಯವಿರುವುದು. ನಡುನಡುವೆ ಕ್ಲಚ್ಚನ್ನು ಹಿಡಿದು ಸ್ವಲ್ಪ ಆಕ್ಸಿಲೇಟರ್ ಕೊಡುತ್ತಿರುವುದೇ ಕ್ಷೇಮ.

ಗಾಡಿಯನ್ನು ಮೆಕ್ಯಾನಿಕ್ಕಿನ ಬಳಿಗೆ ಒಯ್ದಾಗ 'ಸದ್ದು ಬರ್ತಿದೆ, ಎಂಜಿನ್ ಬಿಚ್ಚಿ' ಎಂದಷ್ಟೇ ಹೇಳಿ ಹೊರಟುಬಿಡಬೇಡಿ; ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಸಮತಟ್ಟಿನಲ್ಲೋ, ಆಕ್ಸಿಲೇಟರ್ ಕೊಟ್ಟಾಗಲೋ ಬಿಟ್ಟಾಗಲೋ ಎಂಬುದನ್ನು ತಿಳಿಸಿ, ಸಾಧ್ಯವಾದರೆ ಆತನನ್ನು ಹಿಂದೆ ಕೂರಿಸಿಕೊಂಡು ಒಂದೆರಡು ಮೈಲಿ ಹೋಗಿಬನ್ನಿ; ಸ್ಪ್ಯಾನರನ್ನು ಎತ್ತಿಕೊಳ್ಳುವುದು ಆಮೇಲಾಗಲಿ.