ಕೆಎಫ್‌ಸಿ ಕಥೆ ಮುಗಿದ ಮೇಲೆ

ಸ್ಟಾರ್ಟ್‌ಅಪ್ ಬಗ್ಗೆ ಮಾತನಾಡಲು ನಮ್ಮ ಕಾಲೇಜಿಗೆ ಯಾರೇ ಬರಲಿ, ಚೀನಾದ ಜಾಕ್ ಮಾ ಕಥೆಯನ್ನು ಹೊತ್ತೇ ತರುತ್ತಾರೆ. ಕೆಎಫ್‌ಸಿ ಕೆಲಸಕ್ಕೆ ಅರ್ಜಿ ಹಾಕಿದ 24 ಮಂದಿಯಲ್ಲಿ 23 ಜನರನ್ನು ತೆಗೆದುಕೊಂಡು ಇವರೊಬ್ಬರನ್ನು ಬಿಟ್ಟರಂತೆ. ಇದು ಅವರೇ ಹೇಳಿಕೊಂಡದ್ದು. ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತ ನನ್ನಂಥವನಿಗೆ ಕೇಳಲು ಎಷ್ಟು ಹಿತ! ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲ್, ಆಮೇಲೆ ಇಂಗ್ಲಿಷ್ ಮೇಷ್ಟ್ರು, 1999ರಲ್ಲಿ ಹಾಂಗ್‌ಝೌ ನಗರದ ತಮ್ಮ ಫ್ಲ್ಯಾಟಿನಲ್ಲಿ ಗೆಳೆಯರ ಜೊತೆ ಅಲಿಬಾಬಾ ಶುರು, 2014ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಿಂದ 2,500 ಕೋಟಿ ಡಾಲರ್. ಚಪ್ಪಾಳೆ. ಭಾಷಣ ಅಲ್ಲಿಗೆ ಮುಗಿಯುತ್ತದೆ.

ಕಥೆ ಅಲ್ಲಿಗೆ ಮುಗಿದಿಲ್ಲ ಎಂದು ನನಗೆ ಗೊತ್ತಾಗಿದ್ದು ಫಿನ್‌ಟೆಕ್ ಮೇಲೆ ಸೆಮಿನಾರ್ ಕೊಡಬೇಕಾಗಿ ಬಂದಾಗ.

2020ರ ಅಕ್ಟೋಬರ್ 24. ಶಾಂಘೈನಲ್ಲಿ ದೇಶದ ಹಣಕಾಸು ಅಧಿಕಾರಿಗಳೂ ಪಾಲ್ಗೊಂಡಿದ್ದ ಸಮಾವೇಶ. ವೇದಿಕೆ ಹತ್ತಿದ ಮಾ, ಚೀನಾದ ಬ್ಯಾಂಕುಗಳದು ಗಿರವಿ ಅಂಗಡಿಯ ಮನಸ್ಥಿತಿ ಎಂದುಬಿಟ್ಟರು. ಅಡ ಇಡಲು ಏನಾದರೂ ಇದ್ದವನಿಗಷ್ಟೇ ಅಲ್ಲಿ ಸಾಲ ಎಂಬುದು ಅವರ ತಕರಾರು. ಅಲಿಪೇ ಆ್ಯಪ್ ನಡೆಸುವ ಅವರ ಆ್ಯಂಟ್ ಗ್ರೂಪ್ ನವೆಂಬರ್ 5ಕ್ಕೆ ಶಾಂಘೈ ಮತ್ತು ಹಾಂಗ್‌ಕಾಂಗ್ ಷೇರುಪೇಟೆಗೆ ಬರುವುದರಲ್ಲಿತ್ತು. ಸುಮಾರು 3,400 ಕೋಟಿ ಡಾಲರ್, ಜಗತ್ತಿನಲ್ಲೇ ಅತಿ ದೊಡ್ಡ ಐಪಿಒ! ನವೆಂಬರ್ 2ರಂದು ಅಧಿಕಾರಿಗಳು ಮಾ ಅವರನ್ನು ಕರೆಸಿಕೊಂಡರು. 3ರಂದು ಐಪಿಒ ನಿಂತಿತು.

ಹಾಗಂತ ಸರ್ಕಾರದ ಪ್ರಶ್ನೆ ಪೊಳ್ಳಾಗಿರಲಿಲ್ಲ. ಆ್ಯಂಟ್ ಮೂಲಕ ಹೋಗುತ್ತಿದ್ದ ಸಾಲದಲ್ಲಿ ಅದರ ಲೆಕ್ಕದಲ್ಲಿ ಇದ್ದದ್ದು ಶೇ 2ರಷ್ಟು ಮಾತ್ರ. ಉಳಿದದ್ದು ಹೆಚ್ಚಾಗಿ ಬ್ಯಾಂಕುಗಳ ದುಡ್ಡು. ಸಾಲ ಮುಳುಗಿದರೆ ಮುಳುಗುವವರು ಯಾರು? ಸೆಮಿನಾರ್‌ನಲ್ಲಿ ಇದನ್ನು ಹೇಳಿದಾಗ ಗೆಳೆಯನೊಬ್ಬ, ‘ಹಾಗಾದ್ರೆ ಸರ್ಕಾರ ಮಾಡಿದ್ದೇ ಸರಿ ಅಲ್ವೇನೋ?’ ಎಂದ. ನಿಯಮ ಬೇಕಿತ್ತು, ಒಪ್ಪಿದೆ. ಆದರೆ ಅದೇ ಅಕ್ಟೋಬರ್‌ನಲ್ಲಿ ಐಪಿಒಗೆ ಅನುಮತಿ ಕೊಟ್ಟದ್ದೂ ಸರ್ಕಾರದ ಸಂಸ್ಥೆಯೇ. ಆ ಶೇ 2ರ ಲೆಕ್ಕ ಆಗಲೂ ದಾಖಲೆಯಲ್ಲೇ ಇತ್ತು. ಆನ್‌ಲೈನ್ ಸಾಲಕ್ಕೆ ಬಿಗಿ ಕರಡು ನಿಯಮ ಹೊರಬಿದ್ದದ್ದು ಮಾತ್ರ ಭಾಷಣದ ನಂತರ, ನವೆಂಬರ್ 2ರಂದು.

ಆಮೇಲೆ ಮಾ ಕಾಣಲೇ ಇಲ್ಲ. ಆಫ್ರಿಕಾದ ಉದ್ಯಮಿಗಳಿಗಾಗಿ ಅವರೇ ಶುರು ಮಾಡಿಸಿದ್ದ ಟಿವಿ ಸ್ಪರ್ಧೆಯ ಅಂತಿಮ ಸುತ್ತಿನಲ್ಲೂ ತೀರ್ಪುಗಾರರ ಕುರ್ಚಿಯಲ್ಲಿ ಬೇರೆಯವರು. 2021ರ ಜನವರಿ 20ರಂದು, ಗ್ರಾಮೀಣ ಶಿಕ್ಷಕರನ್ನು ಉದ್ದೇಶಿಸಿ ಅವರು ಮಾತನಾಡಿದ ಚಿಕ್ಕ ವಿಡಿಯೊ ಬಂತು. ಮನುಷ್ಯ ಇದ್ದಾನೆ ಎಂದು ಗೊತ್ತಾಗಿದ್ದಕ್ಕೇ ಅಲಿಬಾಬಾ ಷೇರು ಜಿಗಿಯಿತು. ಏಪ್ರಿಲ್‌ನಲ್ಲಿ, ಏಕಸ್ವಾಮ್ಯದ ದುರ್ಬಳಕೆಗಾಗಿ ಕಂಪನಿಗೆ 1,820 ಕೋಟಿ ಯುವಾನ್ ದಂಡ. 2023ರಲ್ಲಿ ಆ್ಯಂಟ್ ಮೇಲಿನ ಹಿಡಿತವನ್ನೂ ಮಾ ಬಿಟ್ಟುಕೊಟ್ಟರು.

ಇಷ್ಟಾದರೂ ಅವರೇನು ಬಡವರಾಗಲಿಲ್ಲ ಬಿಡಿ. ನನ್ನನ್ನು ಕಾಡುವುದು ಆ ಮೌನ. ಹಾಂಗ್‌ಝೌಗೆ ಬಂದ ವಿದೇಶಿಯರಿಗೆ ಪುಕ್ಕಟೆ ಗೈಡ್ ಆಗಿ, ಮಾತಾಡಿ ಮಾತಾಡಿಯೇ ಇಂಗ್ಲಿಷ್ ಕಲಿತ ಮನುಷ್ಯ ಅವರು. ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಹೌದು ಎಂದು 2018ರಲ್ಲಿ ಪಕ್ಷದ ಪತ್ರಿಕೆಯೇ ಬರೆದಿತ್ತು. ಅದೂ ಕಾಯಲಿಲ್ಲ.

2025ರ ಫೆಬ್ರುವರಿಯಲ್ಲಿ ಷಿ ಜಿನ್‌ಪಿಂಗ್ ಉದ್ಯಮಿಗಳ ಸಭೆ ಕರೆದಾಗ ಮಾ ಮೊದಲ ಸಾಲಿನಲ್ಲಿದ್ದರು. ಅಧ್ಯಕ್ಷರು ಕೈಕುಲುಕಿದರು. ಆ ವಿಡಿಯೊವನ್ನು ಹಾಸ್ಟೆಲ್ ರೂಮಿನಲ್ಲಿ ಎರಡೆರಡು ಸಲ ನೋಡಿದೆ. ಹುವಾವೆಯ ರೆನ್ ಝೆಂಗ್‌ಫೀ, ಷಿಯೋಮಿಯ ಲೇ ಜುನ್ ಸೇರಿ ಆರು ಉದ್ಯಮಿಗಳು ಅಂದು ಮಾತನಾಡಿದರು. ಮಾ ಕೇಳಿಸಿಕೊಂಡರು.