‘ಕ’ ಹುಟ್ಟುವುದು ಗಂಟಲಿನಲ್ಲೇ? ಧ್ವನ್ಯಂಗಗಳ ಹೆಸರಿನ ಗೊಂದಲ

ಕ-ವರ್ಗ ಕಂಠ್ಯ, ಚ-ವರ್ಗ ತಾಲವ್ಯ, ಟ-ವರ್ಗ ಮೂರ್ಧನ್ಯ, ತ-ವರ್ಗ ದಂತ್ಯ, ಪ-ವರ್ಗ ಓಷ್ಠ್ಯ. ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಕಲಿತವರಿಗೆ ಈ ಪಟ್ಟಿ ಬಾಯಿಪಾಠ. ಬಾಯಿಯ ಒಳಭಾಗದಿಂದ ತುಟಿಯವರೆಗೆ ಕ್ರಮವಾಗಿ ಸಾಗುವ ಈ ವಿಂಗಡಣೆ ಭಾರತೀಯ ವ್ಯಾಕರಣ ಪರಂಪರೆಯ ಹೆಮ್ಮೆಯ ಕೊಡುಗೆ. ಆದರೆ ಇವೇ ಹೆಸರುಗಳನ್ನು ಆಧುನಿಕ ಧ್ವನಿವಿಜ್ಞಾನಕ್ಕೆ ಹಾಗೆಯೇ ಒಯ್ದಾಗ ತೊಡಕು ತಲೆದೋರುತ್ತದೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ‘ಹ’ ಎಂದು ಉಚ್ಚರಿಸಿದಾಗ ನಾಲಿಗೆ ಎಲ್ಲಿಯೂ ತಗಲುವುದಿಲ್ಲ. ಉಸಿರು ಗಂಟಲಿನಿಂದ ನೇರವಾಗಿ ಹೊರಬರುತ್ತದೆ. ‘ಕ’ ಎಂದಾಗ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳದ ಹಿಂದಿನ ಮೆತ್ತನೆಯ ಭಾಗಕ್ಕೆ ಒತ್ತಿಕೊಳ್ಳುತ್ತದೆ. ಅಂದರೆ ‘ಕ’ ಹುಟ್ಟುವುದು ಬಾಯಿಯಲ್ಲಿ, ಗಂಟಲಿನಲ್ಲಲ್ಲ. ಆದರೂ ಎರಡಕ್ಕೂ ಇರುವ ಹೆಸರು ಒಂದೇ: ಕಂಠ್ಯ.

ಪ್ರಾಚೀನರಲ್ಲೂ ಭಿನ್ನಮತ

ಈ ವ್ಯತ್ಯಾಸ ಪ್ರಾಚೀನರಿಗೆ ತಿಳಿದಿರಲಿಲ್ಲವೆಂದು ಭಾವಿಸಬೇಕಿಲ್ಲ. ನಾಲಿಗೆಯ ಬುಡವು ದವಡೆಯ ಬುಡವನ್ನು ಸ್ಪರ್ಶಿಸಿದಾಗ ಕ-ವರ್ಗ ಹುಟ್ಟುತ್ತದೆಂದು ತೈತ್ತಿರೀಯ ಪ್ರಾತಿಶಾಖ್ಯ ವಿವರಿಸುತ್ತದೆ. ಪಾಣಿನೀಯ ಶಿಕ್ಷೆಯೂ ಕ-ವರ್ಗಕ್ಕೆ ನಾಲಿಗೆಯ ಬುಡವನ್ನೇ ಹೇಳುತ್ತದೆ. ಅ, ಹ ಮತ್ತು ವಿಸರ್ಗದೊಡನೆ ಕ-ವರ್ಗವನ್ನೂ ಕಂಠಕ್ಕೆ ಸೇರಿಸುವ ಮತ್ತೊಂದು ಮತವೇ ಮುಂದೆ ಪಾಠಶಾಲೆಗಳಲ್ಲಿ ಬೇರೂರಿತು.

ಯುರೋಪಿನಲ್ಲೂ ಇದೇ ನಡೆಯಿತು. ಅಲ್ಲಿನ ಹಳೆಯ ವ್ಯಾಕರಣಗಳು ಕ, ಗ ಧ್ವನಿಗಳನ್ನು ಗಂಟಲನ್ನು ಸೂಚಿಸುವ ಲ್ಯಾಟಿನ್ ಪದದಿಂದ ‘ಗಟರಲ್’ ಎಂದು ಕರೆದವು. ಬಳಿಕ ಮೃದು ತಾಲುವಿಗೆ ಸಂಬಂಧಿಸಿದ ‘ವೀಲರ್’ ಎಂಬ ಪದ ಅದರ ಸ್ಥಾನಕ್ಕೆ ಬಂತು. ಟ-ವರ್ಗದ ‘ಮೂರ್ಧನ್ಯ’ವನ್ನು 19ನೇ ಶತಮಾನದ ಯುರೋಪಿನ ವಿದ್ವಾಂಸರು ‘ಸೆರಿಬ್ರಲ್’ ಎಂದು ಅನುವಾದಿಸಿ ಮಿದುಳಿಗೇ ಸಂಬಂಧ ಕಲ್ಪಿಸಿದರು. ಇಲ್ಲಿ ಮೂರ್ಧವೆಂದರೆ ತಲೆಯಲ್ಲ, ಬಾಯಿಯ ಮೇಲ್ಛಾವಣಿ. ನಾಲಿಗೆ ಹಿಂದಕ್ಕೆ ಮಡಿಚಿಕೊಳ್ಳುವುದನ್ನು ಸೂಚಿಸುವ ‘ಪ್ರತಿವೇಷ್ಟಿತ’ ಎಂಬ ಪದ ಇಂದಿನ ಭಾಷಾವಿಜ್ಞಾನದಲ್ಲಿ ಬಳಕೆಯಲ್ಲಿದೆ.

ಚಿಕಿತ್ಸಾಲಯದಲ್ಲಿ ಪದದ ಬೆಲೆ

ಇದು ಪಂಡಿತರ ಚರ್ಚೆಗಷ್ಟೇ ಸೀಮಿತವಾದ ವಿಷಯವಲ್ಲ. ಸೀಳು ಅಂಗುಳದೊಂದಿಗೆ ಜನಿಸಿದ ಮಗುವಿನ ಬಾಯಿಯಲ್ಲಿ ಉಸಿರಿನ ಒತ್ತಡ ನಿಲ್ಲುವುದಿಲ್ಲ. ಗಾಳಿ ಮೂಗಿನ ಕಡೆಗೆ ಸೋರಿಹೋಗುತ್ತದೆ. ‘ಕ’, ‘ತ’, ‘ಪ’ ಮುಂತಾದ ಧ್ವನಿಗಳು ಸ್ಪಷ್ಟವಾಗುವುದಿಲ್ಲ. ಇಂಥ ಮಕ್ಕಳಲ್ಲಿ ಹಲವರು ‘ಕ’ ಬದಲಿಗೆ ಗಂಟಲಿನಲ್ಲೇ ಉಸಿರನ್ನು ತಟ್ಟನೆ ತಡೆದು ಬಿಡುವ ಅಭ್ಯಾಸ ಮಾಡಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಅಂಗುಳ ಕೂಡಿದ ಮೇಲೂ ಆ ಅಭ್ಯಾಸ ಉಳಿಯುವುದುಂಟು. ಆ ಧ್ವನಿಯನ್ನು ಗಂಟಲಿನಿಂದ ಬಾಯಿಗೆ ತರುವುದೇ ಆಗ ವಾಕ್ ಚಿಕಿತ್ಸಕರ ಕೆಲಸ. ಸರಿಯಾದ ‘ಕ’ಕಾರವನ್ನೇ ‘ಕಂಠ್ಯ’ ಎಂದು ಕರೆದರೆ ತಪ್ಪು ಧ್ವನಿಗೆ ಯಾವ ಹೆಸರು ಉಳಿಯಿತು? ಮನೆಯಲ್ಲಿ ಅಭ್ಯಾಸ ಮಾಡಿಸಬೇಕಾದ ತಾಯಿ ತಂದೆಯರಿಗೆ ಅದನ್ನು ತಿಳಿಸುವುದು ಹೇಗೆ?

ತಂತಿಯಲ್ಲ, ಮಡಿಕೆ

ಇತರ ಅಂಗಗಳ ಹೆಸರಿನಲ್ಲೂ ಇಂಥ ತೊಡಕುಗಳಿವೆ. 1741ರಲ್ಲಿ ಫ್ರಾನ್ಸಿನ ಅಂಗರಚನಾ ತಜ್ಞ ಆಂಟೊನ್ ಫೆರೆಯಿನ್, ಧ್ವನಿಪೆಟ್ಟಿಗೆಯೊಳಗಿನ ಕಂಪಿಸುವ ಭಾಗಗಳನ್ನು ವಾದ್ಯದ ತಂತಿಗಳಿಗೆ ಹೋಲಿಸಿದ. ಕನ್ನಡದ ‘ಧ್ವನಿತಂತು’ ಎಂಬ ಪದ ಆ ಹೋಲಿಕೆಯನ್ನೇ ಅನುಸರಿಸಿದೆ. ವಾಸ್ತವವಾಗಿ ಅವು ಬಿಗಿದು ಕಟ್ಟಿದ ತಂತಿಗಳಲ್ಲ. ಸ್ನಾಯು ಮತ್ತು ಲೋಳೆಪೊರೆಗಳಿಂದಾದ ಎರಡು ಮಡಿಕೆಗಳು. ಹೀಗಾಗಿ ‘ಧ್ವನಿಮಡಿಕೆ’ ಎಂಬುದು ಹೆಚ್ಚು ನಿಖರ. ಅಂಗುಳದ ತುದಿಯಲ್ಲಿ ಜೋತುಬಿದ್ದಿರುವ ‘ಕಿರುನಾಲಿಗೆ’ಯ ಹೆಸರನ್ನು, ನುಂಗುವಾಗ ಶ್ವಾಸನಾಳಕ್ಕೆ ಆಹಾರ ಹೋಗದಂತೆ ತಡೆಯುವ ಮುಚ್ಚಳದಂಥ ಅಂಗಕ್ಕೂ ಬಳಸುವುದುಂಟು. ಒಂದು ಬಾಯಿಯಲ್ಲಿದೆ, ಇನ್ನೊಂದು ಗಂಟಲಿನ ಆಳದಲ್ಲಿದೆ. ಎರಡಕ್ಕೂ ಒಂದೇ ಹೆಸರು ಸಲ್ಲದು.

ಆಯ್ಕೆಗೆ ಮಾನದಂಡ

ಪಾರಿಭಾಷಿಕ ಪದವೊಂದು ಒಂದೇ ವಸ್ತುವನ್ನು ಸೂಚಿಸಬೇಕು. ಅಂಗ ಇರುವ ಜಾಗವನ್ನು ತಪ್ಪಾಗಿ ಹೇಳಬಾರದು. ಅದರಿಂದ ಧ್ವನಿಯ ಹೆಸರೂ ಸುಲಭವಾಗಿ ರೂಪುಗೊಳ್ಳಬೇಕು. ತುಟಿ, ಹಲ್ಲು, ನಾಲಿಗೆ, ಅಂಗುಳ ಮುಂತಾದ ಕನ್ನಡದ ಪದಗಳು ಅಂಗಗಳಿಗೆ ಧಾರಾಳವಾಗಿ ಸಲ್ಲುತ್ತವೆ. ಧ್ವನಿಗಳನ್ನು ಹೆಸರಿಸುವಾಗ ಮಾತ್ರ ತಾಲವ್ಯ, ದಂತ್ಯ, ಓಷ್ಠ್ಯ ಎಂಬ ಸಂಸ್ಕೃತ ರೂಪಗಳು ಅನುಕೂಲಕರ. ಹಳೆಯ ಪದ ಸರಿಯಿದ್ದಲ್ಲಿ ಉಳಿಸಿಕೊಂಡು, ದಾರಿ ತಪ್ಪಿಸುವಲ್ಲಿ ಬದಲಿಸುವುದು ವಿವೇಕ. ಕ-ವರ್ಗಕ್ಕೆ ‘ಮೃದುತಾಲವ್ಯ’ ಎಂಬ ಹೆಸರನ್ನು ನೀಡಿ ‘ಕಂಠ್ಯ’ವನ್ನು ಹಕಾರಕ್ಕೆ ಮೀಸಲಿಟ್ಟರೆ ಗೊಂದಲದ ಬಹುಪಾಲು ಪರಿಹಾರವಾಗುತ್ತದೆ.

ಪರಂಪರೆಯೇ ಇದಕ್ಕೊಂದು ಸಾಧನವನ್ನೂ ಒದಗಿಸಿದೆ. ಧ್ವನಿ ಹುಟ್ಟುವ ಜಾಗಕ್ಕೆ ‘ಸ್ಥಾನ’, ಅಲ್ಲಿಗೆ ಚಲಿಸುವ ಅಂಗಕ್ಕೆ ‘ಕರಣ’ ಎಂದು ಅದು ಬೇರ್ಪಡಿಸಿತ್ತು. ‘ಕ’ಕಾರಕ್ಕೆ ಸ್ಥಾನ ಮೃದು ತಾಲು, ಕರಣ ನಾಲಿಗೆಯ ಹಿಂಭಾಗ. ಇಷ್ಟನ್ನು ಪಠ್ಯಪುಸ್ತಕದಲ್ಲಿ ಒಂದು ಚಿತ್ರದೊಡನೆ ತಿಳಿಸಿದರೆ ವಿದ್ಯಾರ್ಥಿಗೆ ಪಟ್ಟಿಯ ಅರ್ಥ ತಿಳಿಯುತ್ತದೆ. ಮಗುವಿನ ಮಾತು ತಿದ್ದಲು ಹೊರಟ ತಾಯಿಗೆ ನಾಲಿಗೆ ಎಲ್ಲಿಗೆ ಏಳಬೇಕೆಂಬುದು ಸ್ಪಷ್ಟವಾಗುತ್ತದೆ.