ಪೂಲ್ ಹತ್ತಿರದ ಸ್ವಿಚ್ ಪದೇ ಪದೇ ಟ್ರಿಪ್ ಆಗ್ತಿದೆಯಾ? ಬೈಪಾಸ್ ಮಾಡಿಸೋ ಮುಂಚೆ ಇದನ್ನು ಓದಿ

ಟಿನ್ ಫ್ಯಾಕ್ಟರಿ: ಬೇಸಿಗೆ ರಜೆ ಶುರುವಾದರೆ ನಮ್ಮ ಕಡೆ ಮಕ್ಕಳದ್ದು ಒಂದೇ ಹಠ, ಪೂಲ್‌ಗೆ ಕರ್ಕೊಂಡು ಹೋಗಿ ಅಂತ. ಮುಂಚೆ ಈ ಭಾಗದವರು ಈಜು ಕಲಿಯಬೇಕು ಅಂದ್ರೆ ಹಲಸೂರು ಕೆರೆ ಹತ್ತಿರದ ಕೆನ್ಸಿಂಗ್ಟನ್ ಈಜುಕೊಳ ನೆನಪಾಗ್ತಿತ್ತು. ಈಗ ಹಾಗಿಲ್ಲ. ಕಸ್ತೂರಿನಗರದಿಂದ ಹಿಡಿದು ಮಹದೇವಪುರ, ವೈಟ್‌ಫೀಲ್ಡ್, ವರ್ತೂರಿನವರೆಗೆ ಯಾವ ದೊಡ್ಡ ಅಪಾರ್ಟ್‌ಮೆಂಟ್ ಗೇಟ್ ಒಳಗೆ ಹೋದರೂ ಒಂದು ನೀಲಿ ಟೈಲ್ಸ್ ಕೊಳ ಇದ್ದೇ ಇರುತ್ತೆ. ಅದರ ಪಕ್ಕದಲ್ಲಿ ಒಂದು ಸಣ್ಣ ರೂಮು, ರೂಮಿನ ಒಳಗೆ ಪಂಪು, ಫಿಲ್ಟರು, ಒಂದು ಪ್ಯಾನೆಲ್ ಬೋರ್ಡು. ಈ ಲೇಖನ ಆ ರೂಮಿನ ಬಗ್ಗೆ.

2023ರ ಡಿಸೆಂಬರ್ 28ರ ಸಂಜೆ ವರ್ತೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್‌ನ ಈಜುಕೊಳದಲ್ಲಿ ಒಂಬತ್ತು ವರ್ಷದ ಹುಡುಗಿ ಸತ್ತು ಹೋದಳು. ಕೊಳದಲ್ಲಿ ಸಾವು ಅಂದ ತಕ್ಷಣ ಮುಳುಗಿ ಸತ್ತರು ಅಂತಲೇ ನಾವು ಅಂದುಕೊಳ್ಳೋದು. ಅಲ್ಲಿ ಹಾಗಿರಲಿಲ್ಲ. ಮಗು ಸತ್ತಿದ್ದು ಕರೆಂಟ್ ಶಾಕ್‌ನಿಂದ ಅಂತ ಮರಣೋತ್ತರ ಪರೀಕ್ಷೆಯ ನಂತರ ಗೊತ್ತಾಯಿತು. 2024ರ ಫೆಬ್ರವರಿಯಲ್ಲಿ ಪೊಲೀಸರು ನಿರ್ವಹಣೆಯಲ್ಲಿ ನಿರ್ಲಕ್ಷ್ಯದ ಆರೋಪದ ಮೇಲೆ ನಿವಾಸಿಗಳ ಸಂಘದ ಪದಾಧಿಕಾರಿಯೂ ಸೇರಿ 7 ಜನರನ್ನು ಬಂಧಿಸಿದರು. ಆ ಘಟನೆಗೆ ಒಂದೂವರೆ ತಿಂಗಳ ಮುಂಚೆ ಅಷ್ಟೇ ಹೋಪ್ ಫಾರ್ಮ್ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ವೈರ್ ತುಳಿದು ತಾಯಿ, ಮಗು ಸತ್ತಿದ್ದು ನಿಮಗೆ ನೆನಪಿರಬಹುದು. ಎರಡೂ ನಮ್ಮ ಬೆಂಗಳೂರು ಪೂರ್ವ ಭಾಗದಲ್ಲೇ ಆಗಿದ್ದು.

ವರ್ತೂರಿನಲ್ಲಿ ಯಾರದ್ದು ತಪ್ಪು ಅನ್ನೋದನ್ನು ಕೋರ್ಟ್ ಹೇಳಬೇಕು, ನಾನಲ್ಲ. ಆದರೆ ನೀರಿನಲ್ಲಿ ಕರೆಂಟ್ ಸೋರಿದ ಕ್ಷಣಕ್ಕೇ ತಾನಾಗಿ ಲೈನ್ ಕಟ್ ಮಾಡುವ ಸಾಧನ ಹೊಸ ವಿಜ್ಞಾನ ಏನಲ್ಲ. ಟಿನ್ ಫ್ಯಾಕ್ಟರಿ ಸುತ್ತಮುತ್ತಲಿನ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕೇಳಿದರೂ ಸಿಗುತ್ತೆ. ಅದರ ಹೆಸರು ಆರ್‌ಸಿಸಿಬಿ. ಅಂಗಡಿಯವರು, ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ಹಳೇ ಹೆಸರಲ್ಲಿ ಇಎಲ್‌ಸಿಬಿ ಅಂತಲೇ ಕರೀತಾರೆ.

ಗಲ್ಲಾಪೆಟ್ಟಿಗೆ ಲೆಕ್ಕ

ಎಂಸಿಬಿ ಇದೆಯಲ್ಲಾ, ಇನ್ನೇನು ಬೇಕು ಅಂತ ತುಂಬಾ ಜನ ಕೇಳ್ತಾರೆ. ನಾನು ಡಿಗ್ರಿಯನ್ನು ಅರ್ಧಕ್ಕೇ ಬಿಟ್ಟವನು, ಫಿಸಿಕ್ಸ್ ನನ್ನ ಕೈಲಿ ಆಗೋದಲ್ಲ. ಆದರೂ ಇದು ನನಗೇ ಅರ್ಥ ಆಗಿದೆ ಅಂದಮೇಲೆ ನಿಮಗೆ ಕಷ್ಟ ಆಗಲ್ಲ.

16 ಆಂಪಿಯರ್ ಎಂಸಿಬಿ ಅಂದರೆ 16 ಆಂಪಿಯರ್ ದಾಟಿದ ಮೇಲೆ ಟ್ರಿಪ್ ಆಗುವಂಥದ್ದು. ವೈರ್ ಸುಡಬಾರದು, ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹತ್ತಬಾರದು, ಅದರ ಕೆಲಸ ಅಷ್ಟೇ. ಮನುಷ್ಯನ ಹೃದಯ ನಿಲ್ಲೋಕೆ 16 ಆಂಪಿಯರ್ ಬೇಕಾಗಿಲ್ಲ, ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಧಾರಾಳವಾಗಿ ಸಾಕು. 230 ವೋಲ್ಟ್ ಲೈನಿನಲ್ಲಿ ಅದು 23 ವ್ಯಾಟ್‌ನ ಒಂದು ಸಣ್ಣ ಬಲ್ಬ್ ಉರಿಯುವಷ್ಟು ಕರೆಂಟು. ಒಬ್ಬ ಮನುಷ್ಯ ಸಾಯ್ತಾ ಇದ್ದರೂ ಎಂಸಿಬಿಗೆ ಒಂದು ಬಲ್ಬ್ ಹೆಚ್ಚಿಗೆ ಹಾಕಿದ ಹಾಗೆ ಕಾಣಿಸುತ್ತೆ. ಅದು ಸುಮ್ಮನೆ ಇರುತ್ತೆ.

ಆರ್‌ಸಿಸಿಬಿ ಮಾಡೋದು ಬೇರೆ ಕೆಲಸ. ಅಂಗಡಿ ಇಟ್ಟುಕೊಂಡಿರೋರಿಗೆ ಇದು ಬೇಗ ಗೊತ್ತಾಗುತ್ತೆ. ಬೆಳಿಗ್ಗೆ ಹುಡುಗನ ಕೈಗೆ ಹತ್ತು ಸಾವಿರ ಕೊಟ್ಟು ಕಳಿಸಿದ್ರಿ, ಸಂಜೆ ಸಾಮಾನು, ಬಿಲ್ಲು, ಚಿಲ್ಲರೆ ಎಲ್ಲ ಸೇರಿ ಹತ್ತು ಸಾವಿರಕ್ಕೆ ತಾಳೆ ಆಗಬೇಕು. ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತು ಬಂತು ಅಂದ್ರೆ ಮೂವತ್ತು ರೂಪಾಯಿ ಎಲ್ಲೋ ಸೋರಿದೆ. ಆರ್‌ಸಿಸಿಬಿ ಒಳಗೆ ಒಂದು ಕಬ್ಬಿಣದ ಬಳೆ ಇರುತ್ತೆ. ಫೇಸ್ ವೈರು, ನ್ಯೂಟ್ರಲ್ ವೈರು ಎರಡೂ ಅದರ ಮೂಲಕ ಹಾದು ಹೋಗ್ತವೆ. ಫೇಸ್‌ನಲ್ಲಿ ಹೋದ ಕರೆಂಟು ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಸರಿ. 10 ಆಂಪಿಯರ್ ಹೋಗಿ 9.97 ಮಾತ್ರ ಬಂದರೆ ಬಾಕಿ 0.03, ಅಂದರೆ 30 ಮಿಲಿಆಂಪಿಯರ್, ನೀರಿನ ಮೂಲಕವೋ ಯಾರದ್ದೋ ಮೈ ಮೂಲಕವೋ ಭೂಮಿಗೆ ಹೋಗ್ತಿದೆ ಅಂತ ಅರ್ಥ. ಆಗ ಲೈನ್ ಕಟ್. ಸೋರಿಕೆ ಇನ್ನೂ ಜೋರಾಗಿದ್ದರೆ ಒಂದು ಸೆಕೆಂಡಿನ 25ನೇ ಒಂದು ಭಾಗದೊಳಗೆ ಕಟ್ ಆಗುತ್ತೆ. ಕಣ್ಣು ಮುಚ್ಚಿ ತೆರೆಯೋಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಕೊಳ್ಳುವಾಗ ಒಂದು ವಿಷಯ ನೋಡಿ. ಆರ್‌ಸಿಸಿಬಿಗಳಲ್ಲಿ 30 ಮಿಲಿಆಂಪಿಯರ್, 100, 300 ಅಂತ ಬೇರೆ ಬೇರೆ ಬರುತ್ತವೆ. 300ರದ್ದು ಬೆಂಕಿ ತಡೆಯೋಕೆ. ಜೀವ ಉಳಿಸೋದು 30ರದ್ದು. ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆ ಅಂತ ಹೇಳಿ 300ರದ್ದು ಕೂರಿಸಿದ್ದರೆ ಮಕ್ಕಳ ಮಟ್ಟಿಗೆ ಅದು ಇದ್ದೂ ಇಲ್ಲದ ಹಾಗೆ.

ಇನ್ನು ನೀರೊಳಗಿನ ಲೈಟು. ಅದಕ್ಕೆ ನೇರ 230 ವೋಲ್ಟ್ ಕೊಡಲೇಬಾರದು. ಅಂತರರಾಷ್ಟ್ರೀಯ ವೈರಿಂಗ್ ನಿಯಮದ ಪ್ರಕಾರ ಕೊಳದ ಒಳಗಿನ ಸಲಕರಣೆಗೆ 12 ವೋಲ್ಟ್ ಎಸಿಗಿಂತ ಹೆಚ್ಚು ಹೋಗಬಾರದು, ಅದನ್ನು ಕೊಡುವ ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರ ಇರಬೇಕು. ಏಣಿ, ಸ್ಟೀಲ್ ಕಂಬಿ, ಪಂಪಿನ ಬಾಡಿ ಎಲ್ಲವನ್ನೂ ಒಂದೇ ತಾಮ್ರದ ವೈರ್‌ನಿಂದ ಸೇರಿಸಿ ಅರ್ಥಿಂಗ್‌ಗೆ ಕಟ್ಟಬೇಕು. ಕಂಬಿ ಹಿಡಿದಾಗ ಕೈ ಜುಮ್ ಅನ್ನುತ್ತೆ ಅಂತ ಯಾರಾದರೂ ಹೇಳಿದರೆ, ಅದು ಚಿಕ್ಕ ಮಗುವೇ ಆಗಿರಲಿ, ಅವತ್ತೇ ಕೊಳ ಮುಚ್ಚಿ. ನೀರೊಳಗೆ ಇರೋನಿಗೆ ಪ್ರಾಣ ತೆಗೆಯುವಷ್ಟು ದೊಡ್ಡ ಶಾಕ್ ಹೊಡೀಬೇಕು ಅಂತಿಲ್ಲ. ಕೈಕಾಲು ಒಂದು ನಿಮಿಷ ಹಿಡಿದುಕೊಂಡರೂ ಸಾಕು, ಮುಳುಗ್ತಾನೆ.

'ಸುಮ್ನೆ ಟ್ರಿಪ್ ಆಗುತ್ತೆ ಸಾರ್'

ಸಮಸ್ಯೆ ಶುರುವಾಗೋದು ಈ ಮಾತಿನಿಂದ. ಮಳೆ ಬಂದ ರಾತ್ರಿ ಟ್ರಿಪ್ ಆಗುತ್ತೆ, ಪೂಲ್ ಕತ್ತಲು. ಕ್ಲಬ್‌ಹೌಸ್‌ನಲ್ಲಿ ಯಾರದ್ದೋ ಬರ್ತ್‌ಡೇ ಪಾರ್ಟಿ ಇರುತ್ತೆ, ವಾಟ್ಸಾಪ್ ಗ್ರೂಪಲ್ಲಿ ಬೈಗುಳ ಶುರುವಾಗುತ್ತೆ. ಮೇಂಟೆನೆನ್ಸ್ ಹುಡುಗ ಬಂದು ಆರ್‌ಸಿಸಿಬಿಯನ್ನು ತಪ್ಪಿಸಿ ಲೈನ್ ನೇರ ಕೊಟ್ಟುಬಿಡ್ತಾನೆ. ಲೈಟ್ ಹತ್ತಿತು, ಎಲ್ಲರಿಗೂ ಸಮಾಧಾನ. ಕಾವಲುಗಾರನನ್ನು ಮನೆಗೆ ಕಳಿಸಿದ್ದು ಮಾತ್ರ ಯಾರಿಗೂ ಗೊತ್ತಾಗಲ್ಲ.

ಬೇರೆಯವರನ್ನು ಬೈಯೋದು ಸುಲಭ. ನಮ್ಮ ಮನೆಯಲ್ಲೇ ಹೊಸ ಗೀಸರ್ ಹಾಕಿದಾಗ ಸ್ನಾನದ ಮಧ್ಯೆ ಟ್ರಿಪ್ ಆಗ್ತಿತ್ತು. ನಾನೇ ಎಲೆಕ್ಟ್ರಿಷಿಯನ್‌ಗೆ ಅದನ್ನ ತೆಗೆದುಬಿಡಣ್ಣ ಅಂದೆ, ಅವನು ತೆಗೆದ. ಎಂಟು ತಿಂಗಳು ಹಾಗೇ ಇತ್ತು. ಆಮೇಲೆ ನೋಡಿದರೆ ಗೀಸರಿನ ಕಾಯಿಲ್ ತೂತಾಗಿತ್ತು. ಅಮ್ಮ ದಿನಾ ಅದೇ ನಲ್ಲಿ ಮುಟ್ಟುತ್ತಿದ್ದರು.

ಟ್ರಿಪ್ ಆಗೋದಕ್ಕೆ ಕಾರಣ ಇದ್ದೇ ಇರುತ್ತೆ, ಸ್ವಲ್ಪ ಹುಡುಕಬೇಕು ಅಷ್ಟೇ. ಲೈಟಿನ ಜಾಯಿಂಟ್‌ಗೆ ನೀರು ಇಳಿದಿರಬಹುದು. ಪಂಪಿನ ವೈಂಡಿಂಗ್ ಇನ್ಸುಲೇಷನ್ ಹಳೇದಾಗಿರಬಹುದು. ಅಥವಾ ವೈರಿಂಗ್ ಮಾಡುವಾಗ ಪಕ್ಕದ ಲೈನಿನ ನ್ಯೂಟ್ರಲ್ ಜೊತೆ ಇದರ ನ್ಯೂಟ್ರಲ್ ಸೇರಿಸಿಬಿಟ್ಟಿರಬಹುದು. ಆಗ ಹೋಗಿದ್ದು ಇಲ್ಲಿಂದ, ಬಂದಿದ್ದು ಅಲ್ಲಿಂದ, ಲೆಕ್ಕ ತಾಳೆ ಆಗಲ್ಲ. ಈ ಮೂರನೇದರಲ್ಲಿ ನಿಜವಾಗಲೂ ಸೋರಿಕೆ ಇರಲ್ಲ. 'ಸುಮ್ನೆ ಟ್ರಿಪ್' ಅನ್ನೋ ಮಾತು ಹುಟ್ಟಿದ್ದು ಇಂಥದ್ದರಿಂದಲೇ. ಆದರೆ ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣ್ತವೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಒಂದೊಂದೇ ಲೈನ್ ಬಿಚ್ಚಿ ಮೆಗ್ಗರ್ ಹಾಕಿ ಅಳೆದರೆ ಯಾವುದು ಅಂತ ಗೊತ್ತಾಗುತ್ತೆ. ಅರ್ಧ ದಿನದ ಕೆಲಸ.

ಪಂಪ್ ಎಳೆಯುವ ಶಕ್ತಿ

ಪ್ಯಾನೆಲ್ ರೂಮಿನ ಇನ್ನೊಂದು ಅಪಾಯ ನಮ್ಮ ಕಡೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಕೊಳದ ತಳದಲ್ಲಿ ಒಂದು ಜಾಲರಿ ಇರುತ್ತೆ, ಮೇನ್ ಡ್ರೈನ್. ಪಂಪು ಅಲ್ಲಿಂದ ನೀರು ಎಳೆದು ಫಿಲ್ಟರ್‌ಗೆ ಕಳಿಸುತ್ತೆ. ಜಾಲರಿ ಮುರಿದಿದ್ದು ಅದರ ಮೇಲೆ ಮಗು ಕೂತರೆ? ಎಂಟು ಇಂಚು ಅಗಲದ ಬಾಯಿಯನ್ನು ಮೈ ಪೂರ್ತಿ ಮುಚ್ಚಿತು, ಪಂಪು ಅರ್ಧ ವಾಯುಮಂಡಲದಷ್ಟು ನಿರ್ವಾತ ಎಳೆಯಿತು ಅಂದುಕೊಳ್ಳಿ. ಲೆಕ್ಕ ಹಾಕಿದರೆ 150 ಕೆ.ಜಿ.ಗಿಂತ ಜಾಸ್ತಿ ಬಲ. ಮೂರು ಮೂಟೆ ಸಿಮೆಂಟ್ ಮೇಲಿಟ್ಟ ಹಾಗೆ. ಅಪ್ಪ ಅಮ್ಮ ಎಳೆದರೂ ಬರಲ್ಲ.

ಅಮೆರಿಕದಲ್ಲಿ ಇದು 2002ರಲ್ಲಿ ಆಗಿಯೇ ಹೋಯಿತು. ಅಲ್ಲಿನ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಬಿಸಿನೀರಿನ ಸ್ಪಾ ತೊಟ್ಟಿಯ ಡ್ರೈನ್‌ಗೆ ಸಿಕ್ಕಿಕೊಂಡಳು. ತಾಯಿ ಎಳೆದರೂ ಬಿಡಿಸಲು ಆಗಲಿಲ್ಲ. ಕೊನೆಗೆ ಇಬ್ಬರು ಗಂಡಸರು ಸೇರಿ ಎಳೆದಾಗ ಜಾಲರಿಯೇ ಮುರಿದು ಬಂತು, ಮಗು ಉಳಿಯಲಿಲ್ಲ. ಆ ತಾಯಿಯೇ ಮುಂದೆ ಹೋರಾಟ ಮಾಡಿದರು. ಮಗಳ ಹೆಸರಲ್ಲೇ 2007ರಲ್ಲಿ ಕಾನೂನು ಬಂತು, ವರ್ಜೀನಿಯಾ ಗ್ರೇಮ್ ಬೇಕರ್ ಕಾಯ್ದೆ ಅಂತ. ಮೈ ಅಂಟಿಕೊಳ್ಳದ ಉಬ್ಬು ಜಾಲರಿ ಕಡ್ಡಾಯ. ಒಂದೇ ಡ್ರೈನ್ ಇದ್ದ ಸಾರ್ವಜನಿಕ ಕೊಳಗಳಿಗೆ ಅದರ ಮೇಲೆ ಇನ್ನೊಂದು ರಕ್ಷಣೆ ಬೇಕು. ಅದರಲ್ಲಿ ಒಂದು ಬಗೆ, ಪಂಪಿನ ಹೀರುವ ಪೈಪಿನಲ್ಲಿ ನಿರ್ವಾತ ಇದ್ದಕ್ಕಿದ್ದಂತೆ ಏರಿದರೆ ಗುರುತಿಸಿ ತಾನೇ ಪಂಪ್ ನಿಲ್ಲಿಸುವ ಸಾಧನ.

ಇಲ್ಲಿ ನಾವು ಕೇಳಬಹುದಾದದ್ದು ಇಷ್ಟು. ಡ್ರೈನ್ ಎರಡಿದೆಯಾ, ಅವುಗಳ ಮಧ್ಯೆ ಕನಿಷ್ಠ ಮೂರು ಅಡಿ ದೂರ ಇದೆಯಾ? ಒಂದು ಮುಚ್ಚಿದರೆ ಇನ್ನೊಂದರಿಂದ ನೀರು ಬರುತ್ತೆ, ಬಿಗಿತ ಇರಲ್ಲ. ಕೊಳದ ಪಕ್ಕ ಕೈಗೆ ಸಿಗೋ ಹಾಗೆ ಕೆಂಪು ಎಮರ್ಜೆನ್ಸಿ ಬಟನ್ ಇದೆಯಾ? ಪಂಪ್ ಆಫ್ ಮಾಡೋಕೆ ಬೇಸ್‌ಮೆಂಟ್‌ಗೆ ಓಡಿ, ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕೋ ಹಾಗಿದ್ದರೆ ಅದು ವ್ಯವಸ್ಥೆಯೇ ಅಲ್ಲ.

ಸ್ಪಾ ಅಂದಾಗ ಇಂದಿರಾನಗರದ ಮಸಾಜ್ ಬೋರ್ಡುಗಳು ನೆನಪಾದರೆ ತಪ್ಪಿಲ್ಲ, ಆದರೆ ಇಲ್ಲಿ ಹೇಳ್ತಿರೋದು ಜಕೂಜಿ ಥರದ ಬಿಸಿನೀರಿನ ತೊಟ್ಟಿ. ಅದರ ನೀರು 40 ಡಿಗ್ರಿ ದಾಟಬಾರದು. ಥರ್ಮೋಸ್ಟಾಟ್ ಕೆಟ್ಟರೂ ಹೀಟರ್ ಕಟ್ ಮಾಡೋಕೆ ಬೇರೆಯದೇ ಒಂದು ಕಟ್‌ಆಫ್ ಇರಬೇಕು.

ಕ್ಲೋರಿನ್ ಡಬ್ಬ, ಆಸಿಡ್ ಡಬ್ಬ

ದೊಡ್ಡ ಕೊಳಗಳಲ್ಲಿ ಕ್ಲೋರಿನ್ ಮತ್ತು ಆಸಿಡ್ ಹಾಕೋದು ಈಗ ಮಷೀನು. ಸೆನ್ಸರ್ ನೀರಿನ ಪಿಎಚ್ ಅಳೆಯುತ್ತೆ (7.2ರಿಂದ 7.8ರ ಮಧ್ಯೆ ಇರಬೇಕು), ಕಡಿಮೆ ಬಿದ್ದದ್ದನ್ನು ಸಣ್ಣ ಪಂಪುಗಳು ಪೈಪಿಗೆ ಸೇರಿಸುತ್ತವೆ. ಒಂದು ಎಚ್ಚರಿಕೆ ಏನಂದರೆ, ಕರೆಂಟ್ ಹೋಗಿಯೋ ಬೇರೆ ಕಾರಣಕ್ಕೋ ಮುಖ್ಯ ಪಂಪು ನಿಂತು, ಈ ಸಣ್ಣ ಪಂಪುಗಳು ಮಾತ್ರ ಓಡ್ತಾ ಇದ್ದರೆ ಕ್ಲೋರಿನ್ ದ್ರಾವಣ, ಆಸಿಡ್ ಎರಡೂ ನಿಂತ ಪೈಪಿನಲ್ಲಿ ಸೇರಿ ವಿಷದ ಕ್ಲೋರಿನ್ ಗ್ಯಾಸ್ ಆಗುತ್ತೆ. ಮತ್ತೆ ಪಂಪ್ ಶುರುವಾದಾಗ ಅದು ಈಜುವವರ ಮುಖಕ್ಕೇ ಬರುತ್ತೆ. ಅದಕ್ಕೇ ಪೈಪಿನಲ್ಲಿ ಫ್ಲೋ ಸ್ವಿಚ್ ಇರಬೇಕು, ನೀರು ಹರಿಯದಿದ್ದರೆ ಡೋಸಿಂಗ್ ಬಂದ್. ಡಿಜಿ ಮತ್ತು ಬೆಸ್ಕಾಂ ಲೈನ್ ಮಧ್ಯೆ ದಿನಕ್ಕೆ ನಾಲ್ಕು ಸಲ ಓಲಾಡೋ ನಮ್ಮ ಏರಿಯಾಕ್ಕೆ ಇದು ತುಂಬಾ ಮುಖ್ಯ.

2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿತ್ತು, ತಪ್ಪಿದರೆ 5,000 ರೂಪಾಯಿ ದಂಡ. ಕಾವೇರಿ ಬಿಟ್ಟು ಬೋರ್‌ವೆಲ್ ನೀರು ತುಂಬುವ ಕಡೆ ಇನ್ನೊಂದು ತೊಂದರೆ ಇದೆ. ಗಡಸು ನೀರಿನ ಸುಣ್ಣ ಸೆನ್ಸರ್ ಮೇಲೆ ಕಟ್ಟಿಕೊಳ್ಳುತ್ತೆ, ಮೀಟರ್ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಆಗಾಗ ತೊಳೆದು ಮತ್ತೆ ಹೊಂದಿಸಬೇಕು. ಬ್ಲೀಚಿಂಗ್ ಪೌಡರ್, ಆಸಿಡ್ ಒಂದೇ ಕಪಾಟಿನಲ್ಲಿ ಇಟ್ಟು ಮಾರುವ ಅಂಗಡಿಯವರೂ ದಯವಿಟ್ಟು ಬೇರೆ ಬೇರೆ ಇಡಿ.

ಸಿಸಿಟಿವಿ ಇತ್ತು

2024ರ ನವೆಂಬರ್ 17ರಂದು ಮಂಗಳೂರು ಹತ್ತಿರದ ಉಚ್ಚಿಲದ ರೆಸಾರ್ಟ್ ಒಂದರಲ್ಲಿ ಮೈಸೂರಿನ ಮೂವರು ಯುವತಿಯರು ಈಜುಕೊಳದಲ್ಲಿ ಮುಳುಗಿ ಸತ್ತರು. ಒಬ್ಬಳು ಆಳಕ್ಕೆ ಹೋದಳು, ಉಳಿದವರು ಉಳಿಸಲು ಹೋಗಿ ಅವರೂ ಮುಳುಗಿದರು. ಎಲ್ಲವೂ ಸಿಸಿಟಿವಿಯಲ್ಲಿ ರೆಕಾರ್ಡ್ ಆಗಿತ್ತು, ಆ ವಿಡಿಯೋ ಆಮೇಲೆ ಎಲ್ಲರ ಮೊಬೈಲಿಗೂ ಬಂತು. ಕ್ಯಾಮೆರಾ ನೋಡ್ತಿತ್ತು, ಮನುಷ್ಯರು ಯಾರೂ ನೋಡ್ತಿರಲಿಲ್ಲ. ಅಲ್ಲಿ ಜೀವರಕ್ಷಕರು ಇರಲಿಲ್ಲ.

ತಳದಲ್ಲಿ ಅಲುಗಾಡದೆ ಬಿದ್ದವರನ್ನು ಗುರುತಿಸಿ ಅಲಾರಂ ಹೊಡೆಯುವ ಕ್ಯಾಮೆರಾ ವ್ಯವಸ್ಥೆಗಳು ಹೊರದೇಶದ ಕೊಳಗಳಲ್ಲಿ ಎಷ್ಟೋ ವರ್ಷದಿಂದ ಇವೆ. ಅವೂ ಜೀವರಕ್ಷಕನಿಗೆ ಸಹಾಯಕ್ಕೆ ಅಂತ ಇರೋದು, ಅವನ ಬದಲಿಗೆ ಅಲ್ಲ. ಅಲಾರಂ ಹೊಡೆದ ಮೇಲೆ ನೀರಿಗೆ ಹಾರೋಕೆ ಒಬ್ಬರು ಬೇಕಲ್ಲ.

ಹಾರೋ ಮುಂಚೆ ಮಾತ್ರ ಒಂದು ಕ್ಷಣ ನಿಲ್ಲಿ. ನೀರಲ್ಲಿ ಇರೋರು ಕಿರುಚದೆ ಗಟ್ಟಿಯಾಗಿ ಸೆಟೆದುಕೊಂಡಿದ್ದರೆ, ಅಥವಾ ನೀರು ಮುಟ್ಟಿದ ನಿಮಗೇ ಜುಮ್ ಅಂದರೆ, ಅದು ಕರೆಂಟು. ಮೊದಲು ಮೇನ್ ಆಫ್ ಮಾಡಿಸಿ. ಅಲ್ಲಿವರೆಗೆ ಒಣಗಿದ ಮರದ ಕೋಲೋ ಪ್ಲಾಸ್ಟಿಕ್ ಪೈಪೋ ಚಾಚಿ ಎಳೆಯಿರಿ. ಪೂಲ್ ಕ್ಲೀನ್ ಮಾಡೋ ಉದ್ದನೆ ಅಲ್ಯೂಮಿನಿಯಂ ಕೋಲು ಬೇಡ, ಅದರಲ್ಲಿ ಕರೆಂಟ್ ಹರಿಯುತ್ತೆ. ಹೊರಗೆ ತಂದ ಮೇಲೆ ಉಸಿರಿಲ್ಲದಿದ್ದರೆ ಎದೆ ಒತ್ತೋದು, ಬಾಯಿಂದ ಉಸಿರು ಕೊಡೋದು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಆರ್‌ಸಿಸಿಬಿ ಮೇಲೆ 'ಟೆಸ್ಟ್' ಅನ್ನೋ ಒಂದು ಸಣ್ಣ ಗುಂಡಿ ಇರುತ್ತೆ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದ ತಕ್ಷಣ ಟಕ್ ಅಂತ ಲೈನ್ ಹೋಗಬೇಕು. ಹೋಗದಿದ್ದರೆ ಅದು ಸತ್ತಿದೆ, ಬದಲಾಯಿಸಿ. ಗುಂಡಿ ಒತ್ತಿದಾಗ ಗೊತ್ತಾಗೋದು ಅದರ ಒಳಗಿನ ಯಂತ್ರ ಸರಿ ಇದೆಯಾ ಅಂತ ಮಾತ್ರ, ಅರ್ಥಿಂಗ್ ಸರಿ ಇದೆಯಾ ಅಂತ ಅಲ್ಲ. ಅದನ್ನು ಬೇರೆಯಾಗಿ ಅಳೆಸಬೇಕು. ಕಂಪನಿ ಮೇಲೆ ಬೆಲೆ ಹೆಚ್ಚು ಕಡಿಮೆ ಆಗುತ್ತೆ, ಮನೆ ಲೈನಿಗೆ ಆಗುವ 30 ಮಿಲಿಆಂಪಿಯರ್‌ನದ್ದು ಎರಡು ಸಾವಿರ ರೂಪಾಯಿ ಆಸುಪಾಸು. ನಮ್ಮ ಮನೆಗೂ ಹೊಸದು ತಂದು ಹಾಕಿಸಿದ್ದೇನೆ, ಗುಂಡಿ ಒತ್ತೋ ಕೆಲಸ ಈಗ ಅಮ್ಮಂದು.